ಗಂಧದ ಕೋಠಿ ಮತ್ತು ಟಾಟಾ ಇನ್‌ಸ್ಟಿಟ್ಯೂಟ್

ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನ ಸಿಂಹಾಸನದಲ್ಲಿದ್ದು, ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ದಿವಾನಗಿರಿ ನಡೆಸುತ್ತಿದ್ದ ಕಾಲವದು. ಸಂಸ್ಥಾನದ ಬೊಕ್ಕಸಕ್ಕೆ ಶ್ರೀಗಂಧವು ನಂಬಿಕೆಯ ಆದಾಯವಾಗಿತ್ತು. 1792ರಲ್ಲಿ ಟಿಪ್ಪು ಸುಲ್ತಾನನು ಅದನ್ನು ರಾಜವೃಕ್ಷವೆಂದು ಸಾರಿದಂದಿನಿಂದ, ಆ ಮರ ಯಾರ ನೆಲದಲ್ಲಿ ಹುಟ್ಟಿದರೂ ಪ್ರಭುವಿನದೇ. ಬೇರುಸಮೇತ ಅಗೆದು, ಹೊರಗಿನ ಬಿಳಿಮರವನ್ನು ಕೆತ್ತಿ ತೆಗೆದು, ಒಳಗಿನ ಚೇಗನ್ನು ಕೋಠಿಗಳಿಗೆ ಸಾಗಿಸಿ, ದರ್ಜೆವಾರು ಜೋಡಿಸಿ ಹರಾಜು ಕೂಗುತ್ತಿದ್ದರು. ದೊಡ್ಡ ಗಿರಾಕಿ ಜರ್ಮನಿ. ಹಬೆಯಿಂದ ಶುದ್ಧ ತೈಲವನ್ನು ಇಳಿಸುವ ಕಾರ್ಖಾನೆಗಳು ಅಲ್ಲಿದ್ದವು. ಕಟ್ಟಿಗೆಯ ಬೆಲೆ ಮೈಸೂರಿಗೆ, ಎಣ್ಣೆಯ ಬೆಲೆ ಅವರಿಗೆ.

1914ರ ಆಗಸ್ಟಿನಲ್ಲಿ ಯುರೋಪಿನಲ್ಲಿ ಮಹಾಯುದ್ಧ ಹೊತ್ತಿಕೊಂಡಿತು. ಜರ್ಮನಿಯ ದಾರಿ ಮುಚ್ಚಿತು. ಕೋಠಿಗಳಲ್ಲಿ ಗಂಧ ಹಾಗೆಯೇ ಉಳಿಯಿತು.

ಬೆಂಗಳೂರಿನ ಅಂಚಿನಲ್ಲಿ ಆಗ ಒಂದು ಎಳೆಯ ವಿದ್ಯಾಸಂಸ್ಥೆಯಿತ್ತು. ಜಮ್‌ಶೇಟ್‌ಜಿ ಟಾಟಾ ಅದರ ಕನಸು ಕಂಡರು, ಕಟ್ಟಡ ಕಾಣದೆ 1904ರಲ್ಲಿ ತೀರಿಕೊಂಡರು. ಸ್ಥಳ ನೋಡಲು 1900ರಲ್ಲಿ ಬಂದಿದ್ದ ರಸಾಯನಶಾಸ್ತ್ರಜ್ಞ ವಿಲಿಯಂ ರಾಮ್ಸೆ ಬೆಂಗಳೂರೇ ಆಗಲೆಂದಿದ್ದರು. ಮೈಸೂರು ಸರ್ಕಾರ ಸುಮಾರು 371 ಎಕರೆ ನೆಲವನ್ನು ಕೊಟ್ಟಿತು. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಗೆ 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಊರಿನವರ ಬಾಯಲ್ಲಿ ಅದು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟೇ.

ಅಲ್ಲಿಯ ರಸಾಯನ ವಿಭಾಗದಲ್ಲಿ ಜೆ. ಜೆ. ಸಡ್‌ಬರೋ ಮತ್ತು ಎಚ್. ಇ. ವಾಟ್ಸನ್ ಎಂಬ ಇಬ್ಬರು ಆಂಗ್ಲ ಅಧ್ಯಾಪಕರಿದ್ದರು. ವಾಟ್ಸನ್ ಲಂಡನ್ನಿನಲ್ಲಿ ರಾಮ್ಸೆಯವರ ಜೊತೆ ನಿಯಾನ್ ಅನಿಲದ ಮೇಲೆ ಕೆಲಸ ಮಾಡಿ ಬಂದವರು. ಗಂಧದ ಚೆಕ್ಕೆಗೂ ಅವರಿಗೂ ಎತ್ತಣ ನಂಟು! ಆದರೂ ಕೋಠಿಯ ಗಂಧದಿಂದ ಇಲ್ಲಿಯೇ ಎಣ್ಣೆ ಇಳಿಸುವ ಹೊಣೆ ಈ ಇಬ್ಬರ ಮೇಜಿಗೇ ಬಂತು. ಸಂಸ್ಥಾನದ ಕೈಗಾರಿಕೆಗಳ ನಿರ್ದೇಶಕ ಆಲ್ಫ್ರೆಡ್ ಚಾಟರ್ಟನ್ ಬೆನ್ನಿಗೆ ನಿಂತರು.

ಕೆಲಸ ಸುಲಭದ್ದಲ್ಲ. ಗಂಧದ ಎಣ್ಣೆ ಗುಲಾಬಿಯ ಅತ್ತರಿನಂತೆ ಬೇಗ ಹಬೆಯೊಡನೆ ಏಳುವುದಿಲ್ಲ. ಚೇಗನ್ನು ಪುಡಿಮಾಡಿ ದಿನಗಟ್ಟಲೆ ಹಬೆ ಹಾಯಿಸಿದರೆ ತೂಕದ ನೂರಕ್ಕೆ ನಾಲ್ಕಾರು ಪಾಲು ಇಳಿಯುತ್ತದೆ. ಅದು ಆಗ ಔಷಧಿಯೂ ಆಗಿದ್ದರಿಂದ, ಅದರ ಜೀವಾಳವಾದ ಸ್ಯಾಂಟಲಾಲ್ ಕಡಿಮೆಯಾದರೆ ಲಂಡನ್ನಿನ ವರ್ತಕ ಮೂಸಿಯೂ ನೋಡುತ್ತಿರಲಿಲ್ಲ. ಎಷ್ಟು ಹಬೆ, ಎಷ್ಟು ಹೊತ್ತು, ಯಾವ ಹದದ ಪುಡಿ ಎಂಬುದೆಲ್ಲ ಪ್ರಯೋಗಶಾಲೆಯಲ್ಲೇ ಪಳಗಬೇಕಿತ್ತು. ಪಳಗಿತು. 1916ರಲ್ಲಿ ಬೆಂಗಳೂರಿನಲ್ಲಿ ಚಿಕ್ಕ ಕಾರ್ಖಾನೆ ಎದ್ದಿತು, ಮರುವರ್ಷ ಮೈಸೂರಿನಲ್ಲಿ ದೊಡ್ಡದು. ಕಟ್ಟಿಗೆ ಮಾರುತ್ತಿದ್ದ ಸಂಸ್ಥಾನ ಎಣ್ಣೆ ಮಾರತೊಡಗಿತು. ಈ ಕಥೆ ಹೇಳುವವರು ದಿವಾನರನ್ನು ನೆನೆಯುತ್ತಾರೆ, ನೆನೆಯಬೇಕಾದದ್ದೇ. ಆದರೆ ಆ ಹೆಸರಿನ ನೆರಳಲ್ಲಿ ಇಬ್ಬರು ಮೇಷ್ಟ್ರುಗಳು ಮರೆತೇಹೋದದ್ದು ನ್ಯಾಯವಲ್ಲ. ಹಾಗೆಂದು ಮೇಷ್ಟ್ರುಗಳ ವಿದ್ಯೆಯೊಂದೇ ಸಾಲುತ್ತಿತ್ತೇ? ಯುದ್ಧ ಬಾರದಿದ್ದರೆ ಹರಾಜಿನ ಸುಖ ಬಿಟ್ಟು ಯಾರೂ ಭಟ್ಟಿ ಹೂಡುತ್ತಿರಲಿಲ್ಲ. ಗೆಲ್ಲುವುದೋ ಸೋಲುವುದೋ ತಿಳಿಯದ ಕೆಲಸಕ್ಕೆ ಸರ್ಕಾರ ಹಣ ಹೂಡದಿದ್ದರೆ ಎಣ್ಣೆ ಪರೀಕ್ಷೆಯ ಶೀಸೆಯಲ್ಲೇ ಉಳಿಯುತ್ತಿತ್ತು.

ಎಣ್ಣೆಯ ಹಿಂದೆಯೇ ಸಾಬೂನು. ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಸರ್ಕಾರ ಇಂಗ್ಲೆಂಡಿಗೆ ಕಳುಹಿಸಿ ಆ ವಿದ್ಯೆ ಕಲಿಸಿತು. ಅವರು ಮುಂದೆ ‘ಸೋಪ್ ಶಾಸ್ತ್ರಿ’ಗಳೆಂದೇ ಹೆಸರಾದರು. 1918ರಲ್ಲಿ ಕಬ್ಬನ್ ಪಾರ್ಕಿನ ಬಳಿ ಸರ್ಕಾರಿ ಸಾಬೂನು ಕಾರ್ಖಾನೆ ಆರಂಭವಾಯಿತು. ಸಿಂಹದ ಮೈಗೆ ಆನೆಯ ತಲೆ ಹೊತ್ತ ಶರಭ ಅದರ ಮುದ್ರೆಯಾಯಿತು. ಒಡವೆಯ ಪೆಟ್ಟಿಗೆಯಂಥ ಡಬ್ಬದಲ್ಲಿ ಮೈಸೂರು ಸ್ಯಾಂಡಲ್ ಮನೆಮನೆಯ ಬಚ್ಚಲಿಗೆ ಬಂತು. 1944ರಲ್ಲಿ ಶಿವಮೊಗ್ಗೆಯಲ್ಲೂ ಎಣ್ಣೆಯ ಕಾರ್ಖಾನೆ ತಲೆಯೆತ್ತಿತು.

ಇಷ್ಟೆಲ್ಲ ಸಿರಿ ಬಂದರೂ ರೈತನ ಹೊಲದ ಬದುವಿಗೆ ಅದರ ಗಾಳಿ ತಾಕಲಿಲ್ಲ. ಅಲ್ಲಿ ತಾನಾಗಿ ಹುಟ್ಟಿದ ಗಂಧದ ಸಸಿ ಅವನಿಗೆ ಭಾಗ್ಯವಲ್ಲ, ತಂಟೆ: ಮರ ಸರ್ಕಾರದ್ದು, ಕಳವಾದರೆ ಮೊದಲ ಅನುಮಾನ ಅವನ ಮೇಲೆ. ಹಾಗಾಗಿ ಮೊಳಕೆಯಲ್ಲೇ ಕಿತ್ತೆಸೆಯುವುದು ಜಾಣತನವೆನಿಸಿತ್ತು. ಎಣ್ಣೆ ಇಳಿಸುವ ಹದ ಕಂಡುಹಿಡಿದ ಪ್ರಯೋಗಶಾಲೆಗೆ ಈ ಗಂಟು ಬಿಚ್ಚುವ ಅಧಿಕಾರವಿರಲಿಲ್ಲ. ಅದು ಬಿಚ್ಚಿಕೊಂಡದ್ದು 2001ರಲ್ಲಿ, ಕರ್ನಾಟಕ ಅರಣ್ಯ ಕಾಯಿದೆ ತಿದ್ದುಪಡಿಯಾಗಿ ಹೊಲದ ಗಂಧ ಹೊಲದೊಡೆಯನದೇ ಎಂದಾದಾಗ.