ಸಾಮಾಜಿಕ ಜಾಲತಾಣದಿಂದ ಮಕ್ಕಳ ಮನಸ್ಸು ಕೆಡುತ್ತದೆಯೇ? ಮೊಬೈಲ್ ಕಸಿದುಕೊಳ್ಳುವ ಮುನ್ನ ತಿಳಿಯಬೇಕಾದದ್ದು

ಪಾಲಕರ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಎರಡು ಬಗೆಯ ಸಂದೇಶಗಳು ತಿರುಗುತ್ತಲೇ ಇರುತ್ತವೆ. ಒಂದು, ‘ರೀಲ್ಸ್ ನೋಡಿದರೆ ಮಕ್ಕಳ ತಲೆ ಕೆಡುತ್ತದೆ, ಇಂದೇ ಮೊಬೈಲ್ ಕಸಿದುಕೊಳ್ಳಿ’ ಎನ್ನುವುದು. ಇನ್ನೊಂದು, ‘ಕಾಲ ಬದಲಾಗಿದೆ, ಸುಮ್ಮನೆ ಹೆದರಬೇಡಿ’ ಎನ್ನುವುದು. ಎರಡರಲ್ಲೂ ಅರ್ಧ ಸತ್ಯ ಮಾತ್ರ ಇದೆ.

ಚಿಕ್ಕದಾಗಿ ಹೇಳುವುದಾದರೆ: ಸಾಮಾಜಿಕ ಜಾಲತಾಣ ಎಲ್ಲ ಮಕ್ಕಳಿಗೂ ಒಂದೇ ರೀತಿ ಹಾನಿ ಮಾಡುವುದಿಲ್ಲ. ಕೆಲವು ಮಕ್ಕಳಿಗೆ ಮಾತ್ರ ಹಾನಿ ಗಂಭೀರವಾಗಿರುತ್ತದೆ. ಅಂಥ ಮಗು ಮನೆಯವರ ಹತ್ತಿರ ಬಾಯಿ ಬಿಡುವಂತಿರಬೇಕು. ಕಸಿದುಕೊಳ್ಳುವ ಬೆದರಿಕೆ ಆ ಬಾಯನ್ನೇ ಮುಚ್ಚಿಸುತ್ತದೆ.

ಇದು ಪಟ್ಟಣದ ಮಕ್ಕಳ ಸಮಸ್ಯೆ ಮಾತ್ರವೇ?

ಅಲ್ಲ. ಗ್ರಾಮೀಣ ಭಾರತದ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿಯಂತೆ, 14ರಿಂದ 16 ವರ್ಷದವರಲ್ಲಿ ಶೇ 82ರಷ್ಟು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಸಮೀಕ್ಷೆಯ ಹಿಂದಿನ ವಾರದಲ್ಲಿ ಫೋನನ್ನು ಓದಿಗೆ ಬಳಸಿದವರು ಇವರಲ್ಲಿ ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76.

ಗಂಗಾವತಿ ತಾಲೂಕಿನ ಹೇಮಗುಡ್ಡದಂಥ ಊರಿನಲ್ಲೂ ದಸರಾ ಮೆರವಣಿಗೆ ಮುಗಿಯುವ ಮೊದಲೇ ಅದರ ವಿಡಿಯೊ ಸ್ಟೇಟಸ್‌ಗೆ ಏರಿರುತ್ತದೆ. ಹಳ್ಳಿಯಲ್ಲಿ ವ್ಯತ್ಯಾಸ ಇರುವುದು ಬೇರೆ ಕಡೆ. ಅನೇಕ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಒಂದೇ ಇರುತ್ತದೆ. ಹಗಲೆಲ್ಲ ಅದು ಅಪ್ಪನ ಅಥವಾ ಅಣ್ಣನ ಜೇಬಿನಲ್ಲಿ. ಮಕ್ಕಳ ಕೈಗೆ ಸಿಗುವುದು ರಾತ್ರಿ, ಎಲ್ಲರೂ ಮಲಗಿದ ಮೇಲೆ. ತೊಂದರೆ ಹೆಚ್ಚಾಗುವ ಹೊತ್ತೂ ಅದೇ.

ಸಂಶೋಧನೆ ಏನು ಹೇಳುತ್ತದೆ?

ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಕುಟುಂಬದ ಡಾ. ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರ ಮೇ ತಿಂಗಳಲ್ಲಿ ಈ ಬಗ್ಗೆ ಎಚ್ಚರಿಕೆ ಹೊರಡಿಸಿದರು. ದಿನಕ್ಕೆ 3 ಗಂಟೆಗಿಂತ ಹೆಚ್ಚು ಹೊತ್ತು ಜಾಲತಾಣದಲ್ಲಿರುವ ಹದಿಹರೆಯದವರಲ್ಲಿ ಖಿನ್ನತೆ, ಆತಂಕದಂಥ ತೊಂದರೆಗಳ ಅಪಾಯ ಇಮ್ಮಡಿ ಎಂದು ಅದರಲ್ಲಿತ್ತು.

ಇನ್ನೊಂದು ಕಡೆ, 2019ರಲ್ಲಿ ಆಕ್ಸ್‌ಫರ್ಡ್‌ನ ಇಬ್ಬರು ಸಂಶೋಧಕರು 3.5 ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿ ಜಾಲಾಡಿದರು. ಮಕ್ಕಳ ನೆಮ್ಮದಿಯ ಏರುಪೇರಿನಲ್ಲಿ ಡಿಜಿಟಲ್ ಬಳಕೆಯೊಂದಿಗೆ ತಳುಕು ಹಾಕಬಹುದಾದದ್ದು ಹೆಚ್ಚೆಂದರೆ ಶೇ 0.4 ಎಂದು ಅವರು ಕಂಡುಕೊಂಡರು.

ಹಾಗಾದರೆ ಯಾವುದು ಸರಿ? ಎರಡನೆಯದು ಸರಾಸರಿಯ ಲೆಕ್ಕ. ಕೆರೆಯ ನೀರು ಸರಾಸರಿ ಮೊಣಕಾಲುದ್ದ ಎಂದರೂ ನಡುವೆ ಆಳು ಮುಳುಗುವ ಗುಂಡಿ ಇರಬಹುದು. ಮೊದಲನೆಯದು ನಂಟನ್ನು ತೋರಿಸುತ್ತದೆ, ಕಾರಣವನ್ನಲ್ಲ. ಫೋನಿನಿಂದ ಮನಸ್ಸು ಕುಗ್ಗಬಹುದು, ಮೊದಲೇ ಮನಸ್ಸು ಕುಗ್ಗಿದ ಮಗು ಫೋನಿನೊಳಗೆ ಅಡಗಿಕೊಳ್ಳಲೂಬಹುದು.

ಯಾರು ಗುಂಡಿಗೆ ಬೀಳುತ್ತಾರೆ ಎನ್ನುವುದಕ್ಕೆ ಒಂದು ಸುಳಿವು 2021ರಲ್ಲಿ ಸಿಕ್ಕಿತು. ಫೇಸ್‌ಬುಕ್‌ನ ಮಾಜಿ ಉದ್ಯೋಗಿ ಫ್ರಾನ್ಸಿಸ್ ಹೌಗೆನ್ ಹೊರಗೆ ತಂದ ಕಂಪನಿಯದೇ ದಾಖಲೆಗಳ ಪ್ರಕಾರ, ತಮ್ಮ ದೇಹದ ಬಗ್ಗೆ ಮೊದಲೇ ಕೀಳರಿಮೆ ಇದ್ದ ಹದಿಹರೆಯದ ಹುಡುಗಿಯರಲ್ಲಿ ಮೂವರಿಗೊಬ್ಬಳಿಗೆ ಇನ್‌ಸ್ಟಾಗ್ರಾಂ ಅದನ್ನು ಇನ್ನಷ್ಟು ಹೆಚ್ಚಿಸಿತ್ತು.

ಹಾನಿ ಆಗುವುದು ಹೇಗೆ?

ನಿದ್ದೆ: 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಈ ವಯಸ್ಸಿನಲ್ಲಿ ನಿದ್ದೆ ಬರುವುದೇ ತಡ. ಅದರ ಮೇಲೆ ರಾತ್ರಿ 12ರವರೆಗೆ ರೀಲ್ಸ್ ನೋಡಿದರೆ ಮರುದಿನ ಸಿಡುಕು, ಮರೆವು, ಪಾಠದಲ್ಲಿ ತೂಕಡಿಕೆ. ಇದನ್ನೇ ಎಷ್ಟೋ ಮನೆಗಳಲ್ಲಿ ‘ಮಗ ಮೊಂಡನಾದ’ ಎಂದುಕೊಳ್ಳುತ್ತಾರೆ.

ಹೋಲಿಕೆ: ಫಿಲ್ಟರ್ ಹಾಕಿದ ಮುಖ, ಬೇರೆಯವರ ಬಟ್ಟೆ, ಬೈಕು, ತಿರುಗಾಟ ನೋಡಿ ‘ನಾನು ಯಾವುದಕ್ಕೂ ಬಾರದವಳು’ ಅನ್ನಿಸತೊಡಗುತ್ತದೆ.

ಕಿರುಕುಳ: ನಕಲಿ ಖಾತೆ, ಕೊಳಕು ಕಾಮೆಂಟ್, ತಿದ್ದಿದ ಫೋಟೊ ಇಟ್ಟುಕೊಂಡು ಬೆದರಿಕೆ.

‘ಕಸಿದುಕೊಳ್ಳಿ’ ಎಂಬ ಸಲಹೆ ಏಕೆ ಅಪಾಯ?

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿಗೆ ಯಾರೋ ಫೋಟೊ ತೋರಿಸಿ ಹೆದರಿಸುತ್ತಿದ್ದಾರೆ ಎಂದುಕೊಳ್ಳಿ. ಹೇಳಿದರೆ ಏನಾಗುತ್ತದೆ ಎಂದು ಆಕೆ ಮೊದಲು ಲೆಕ್ಕ ಹಾಕುತ್ತಾಳೆ. ಫೋನ್ ಹೋಗುತ್ತದೆ. ಶಾಲೆ ಬಿಡಿಸಿಯಾರು. ಬಾಲ್ಯವಿವಾಹ ಇನ್ನೂ ಪೂರ್ತಿ ನಿಲ್ಲದ ನಮ್ಮ ಭಾಗದಲ್ಲಿ ‘ಮದುವೆ ಮಾಡಿಬಿಡೋಣ’ ಎಂಬ ಮಾತೂ ಬಂದೀತು. ಹಾಗಾಗಿ ಆಕೆ ಸುಮ್ಮನಾಗುತ್ತಾಳೆ. ಬೆದರಿಸುವವನಿಗೆ ಬೇಕಾಗಿರುವುದೂ ಅಷ್ಟೇ. ‘ಏನೇ ಆದರೂ ಮೊದಲು ನಮಗೆ ಹೇಳು, ನಿನ್ನ ಓದು ನಿಲ್ಲಿಸುವುದಿಲ್ಲ’ ಎಂದು ಮನೆಯವರು ಮುಂಚೆಯೇ ಹೇಳಿಟ್ಟಿರಬೇಕು.

ಮನೆಯಲ್ಲಿ ಏನು ಮಾಡಬಹುದು?

• ರಾತ್ರಿ ಒಂದು ಹೊತ್ತಾದ ಮೇಲೆ ಎಲ್ಲರ ಫೋನೂ ಒಂದೇ ಕಡೆ ಚಾರ್ಜಿಗೆ ಇರಲಿ. ಅಪ್ಪ ಅಮ್ಮನ ಫೋನೂ ಅಲ್ಲಿರದಿದ್ದರೆ ಈ ನಿಯಮ ಎರಡು ದಿನವೂ ನಡೆಯುವುದಿಲ್ಲ.
• ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಖಾತೆ ತೆರೆಯಲು ಕನಿಷ್ಠ 13 ವರ್ಷ ಆಗಿರಬೇಕು. ಸುಳ್ಳು ವಯಸ್ಸು ಹಾಕಿದರೆ ಮಕ್ಕಳಿಗೆಂದೇ ಇರುವ ರಕ್ಷಣೆಗಳು ತಪ್ಪಿಹೋಗುತ್ತವೆ. ಖಾತೆ ಪ್ರೈವೇಟ್ ಆಗಿರಲಿ.
• ಬೆದರಿಕೆ ಬಂದರೆ ಹಣ ಕಳಿಸಬೇಡಿ, ಚಾಟ್ ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಪೊಲೀಸರಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098.
• 18 ವರ್ಷದೊಳಗಿನವರ ಖಾಸಗಿ ಚಿತ್ರ ಹರಡದಂತೆ ತಡೆಯಲು ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಇದೆ. ಚಿತ್ರವನ್ನು ಯಾರಿಗೂ ಕಳಿಸಬೇಕಿಲ್ಲ, ಅದರ ಗುರುತು ಮಾತ್ರ ಹೋಗುತ್ತದೆ.

ವೈದ್ಯರ ಬಳಿ ಯಾವಾಗ ಹೋಗಬೇಕು?

ಎರಡು ವಾರ ಕಳೆದರೂ ಮಂಕು ಬಿಡದಿದ್ದರೆ, ಊಟ ನಿದ್ದೆ ಕೆಟ್ಟರೆ, ಗೆಳೆಯರನ್ನು ದೂರ ಮಾಡಿದರೆ, ಶಾಲೆಗೆ ಹೋಗಲೊಲ್ಲೆ ಎಂದರೆ ತಡಮಾಡಬೇಡಿ. ಸಾಯುವ ಮಾತು ಆಡಿದರೆ ‘ನಾಟಕ’ ಎನ್ನಬೇಡಿ. ಮಗುವನ್ನು ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ಸ್ನೇಹಾ ಕ್ಲಿನಿಕ್ ಇದೆ. ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಬಗ್ಗೆ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಮೊಬೈಲ್, ಇಂಟರ್ನೆಟ್ ಗೀಳಿಗೆಂದು ‘ಶಟ್ ಕ್ಲಿನಿಕ್’ ತೆರೆದಿದೆ. ಅಲ್ಲಿಯೂ ಹೇಳಿಕೊಡುವುದು ಫೋನನ್ನು ಹಿತಮಿತವಾಗಿ ಬಳಸುವುದನ್ನು.

ನಮ್ಮ ತೀರ್ಮಾನ

‘ಜಾಲತಾಣ ನೋಡಿದ ಮಕ್ಕಳೆಲ್ಲರ ತಲೆ ಕೆಡುತ್ತದೆ’ ಎನ್ನುವುದು ಸುಳ್ಳು. ‘ಏನೂ ಆಗುವುದಿಲ್ಲ’ ಎನ್ನುವುದೂ ಸುಳ್ಳು. ಅಂಥ ಸಂದೇಶ ನಿಮ್ಮ ಗ್ರೂಪಿಗೆ ಮತ್ತೆ ಬಂದರೆ, ಮುಂದೆ ಕಳಿಸುವ ಬದಲು 14416 ಮತ್ತು 1098 ಈ ಎರಡು ಸಂಖ್ಯೆಗಳನ್ನು ಕಳಿಸಿ. ಆ ಗ್ರೂಪಿನಲ್ಲಿ ಯಾರ ಮನೆಗೆ ಅವು ಬೇಕಾಗಿವೆಯೋ ಹೇಳಲಾಗದು.