ಎರಕದ ತೋಪು, ಬಡಿದ ತೋಪು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಶಾಲೆಗಳ ಪ್ರವಾಸವೆಂದರೆ ವಿಜಯಪುರದ ಗೋಳಗುಮ್ಮಟ. ಅದಾದ ಮೇಲೆ ಮಲಿಕ್-ಎ-ಮೈದಾನ್ ತೋಪು. ಅಲ್ಲಿಂದ ಅನತಿ ದೂರದಲ್ಲಿರುವ ಉಪ್ಪಲಿ ಬುರುಜನ್ನು ಹತ್ತುವವರೂ ಇದ್ದಾರೆ. ಆದರೆ ಈ ಎರಡು ಕಡೆಯ ತೋಪುಗಳನ್ನು ಮಾಡಿದ ರೀತಿಯೇ ಬೇರೆ ಎಂಬುದನ್ನು ಗಮನಿಸುವವರು ವಿರಳ. ವಿದ್ಯಾರ್ಥಿ ಮಿತ್ರರು ಗಮನಿಸಬೇಕಾದದ್ದು ಅದನ್ನೇ.

ಮಲಿಕ್-ಎ-ಮೈದಾನ್ ಎರಕದ ತೋಪು. 1549ರಲ್ಲಿ ಅಹಮದ್‌ನಗರದಲ್ಲಿ ರೂಮಿ ಎಂಬ ಉಸ್ತಾದನು ಇದನ್ನು ಎರಕ ಹೊಯ್ದನು. ತುರ್ಕರ ನಾಡಿನಿಂದ ಬಂದವರನ್ನು ಆಗ ರೂಮಿ ಎನ್ನುತ್ತಿದ್ದರು. ತೂಕ ಸುಮಾರು 55 ಟನ್, ಉದ್ದ 14 ಅಡಿಗೂ ಮಿಕ್ಕಿದ್ದು. ಪರಾಂಡಾ ಕೋಟೆಯಿಂದ 1632ರಲ್ಲಿ ಇದನ್ನು ಇಲ್ಲಿಗೆ ತಂದರು. ನಾಲ್ಕುನೂರು ಎತ್ತು, ಹತ್ತು ಆನೆ ಎಳೆದವೆಂದು ಜನ ಹೇಳುತ್ತಾರೆ. 1854ರಲ್ಲಿ ಬ್ರಿಟಿಷ್ ಅಧಿಕಾರಿಗಳು ಇದನ್ನು ಹರಾಜಿಗಿಟ್ಟಾಗ ಬಂದ ಬೆಲೆ ಕೇವಲ 150 ರೂಪಾಯಿ! ಪುಣ್ಯಕ್ಕೆ ಆ ಮಾರಾಟ ರದ್ದಾಯಿತು.

ಇದರ ಲೋಹವನ್ನು ಪರೀಕ್ಷಿಸಿದಾಗ ಸುಮಾರು 80 ಭಾಗ ತಾಮ್ರ, 20 ಭಾಗ ತವರ ಎಂದು ಕಂಡುಬಂತು. ಸಾಮಾನ್ಯ ತೋಪಿನ ಕಂಚಿನಲ್ಲಿ ತವರ ಹತ್ತರ ಆಸುಪಾಸು ಇರುತ್ತದೆ. ಇಪ್ಪತ್ತೆಂದರೆ ಅದು ಗಂಟೆಯ ಕಂಚು. ಆದ್ದರಿಂದಲೇ ತಟ್ಟಿದರೆ ಈ ತೋಪು ನಾದ ಕೊಡುತ್ತದೆ. ತವರ ಹೆಚ್ಚಿದಷ್ಟು ಲೋಹ ಬೇಗ ಕರಗುತ್ತದೆ, ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ಆನೆಯನ್ನು ನುಂಗುವ ಸಿಂಹದ ಬಾಯಿ ಅಷ್ಟು ಸ್ಪಷ್ಟವಾಗಿ ಮೂಡಲು ಇದೂ ಸಹಾಯಕವಾಗಿರಬೇಕು. ಆದರೆ ಇಂಥ ಕಂಚು ನಿಧಾನವಾಗಿ ಆರಿದರೆ ಗಡುಸಾಗುವುದರ ಜೊತೆಗೆ ಸೀಳುವ ಗುಣವೂ ಬರುತ್ತದೆ. ಗೋಡೆಯನ್ನು ಒಂದಡಿಗಿಂತ ದಪ್ಪವಾಗಿ ಇಟ್ಟದ್ದು ಮದ್ದಿನ ಹೊಡೆತ ತಡೆಯಲು ನೆರವಾಯಿತು.

ಉಪ್ಪಲಿ ಬುರುಜಿನದು ಬೇರೆಯೇ ಕಥೆ. ಹೈದರ್ ಖಾನನು 1584ರ ಸುಮಾರಿಗೆ ಕಟ್ಟಿಸಿದ ಈ ಬುರುಜಿನ ಮೇಲಿನ ಉದ್ದನೆಯ ತೋಪು ಸುಮಾರು 30 ಅಡಿ. ಅದು ಎರಕದ್ದಲ್ಲ, ಬಡಿದ ಕಬ್ಬಿಣದ್ದು. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಕಾಯಿಸಿದ ಬಳೆಗಳನ್ನು ಒಂದರ ಪಕ್ಕ ಒಂದರಂತೆ ಏರಿಸಿದ್ದಾರೆ. ಬಂಡಿಯ ಗಾಲಿಗೆ ಹಳಿ ಏರಿಸುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ: ಬಳೆ ಆರುತ್ತ ಕುಗ್ಗಿ ಬಿಗಿಯಾಗುತ್ತದೆ. ಬಡಿದ ಕಬ್ಬಿಣ ಸೀಳದೆ ಬಾಗುತ್ತದೆ, ಹಿಗ್ಗುತ್ತದೆ. ದೌರ್ಬಲ್ಯವೆಲ್ಲ ಬೆಸುಗೆಯಲ್ಲಿ.

ಹಾಗಾದರೆ ಗುಣ ಲೋಹದ್ದೋ, ಮಾಡುವ ರೀತಿಯದೋ? ತವರ ಹೆಚ್ಚಿರುವ ಕಂಚೇ ಇದಕ್ಕೆ ಉತ್ತರ ಹೇಳುತ್ತದೆ. ಅದನ್ನು ಕೆಂಪಗೆ ಕಾಯಿಸಿ, ಆ ಬಿಸಿಯಲ್ಲೇ ಬಡಿದು, ತಟ್ಟನೆ ನೀರಿಗೆ ಅದ್ದಿದರೆ ಸೀಳುವ ಅಂಶ ಬೆಳೆಯಲು ಅವಕಾಶವಾಗುವುದಿಲ್ಲ. ತೆಳುವಾದ ಬಟ್ಟಲು, ತಾಳಗಳನ್ನೂ ಮಾಡಬಹುದು. ದಕ್ಷಿಣ ಭಾರತದ ಈ ಕೌಶಲವನ್ನು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ವಿವರವಾಗಿ ಅಧ್ಯಯನ ಮಾಡಿದ್ದಾರೆ. ಐವತ್ತೈದು ಟನ್ನಿನ ತೋಪಿಗೆ ಮಾತ್ರ ಈ ಉಪಾಯ ಒಗ್ಗದು. ಅದನ್ನು ಬಡಿಯುವ ಸುತ್ತಿಗೆ ಎಲ್ಲಿ, ಅದ್ದುವ ಹೊಂಡ ಎಲ್ಲಿ?

ಇಂದು ಇದೇ ಪ್ರಶ್ನೆ ಮೆಗ್ನೀಸಿಯಂ ಮಿಶ್ರಲೋಹಗಳಲ್ಲಿ ಎದುರಾಗಿದೆ. ಮೆಗ್ನೀಸಿಯಂ ಅಲ್ಯೂಮಿನಿಯಂನ ಮೂರನೇ ಎರಡರಷ್ಟೇ ಭಾರ. ವಾಹನ ಹಗುರವಾದರೆ ಇಂಧನ ಉಳಿಯುತ್ತದೆ. ಎರಕ ಹೊಯ್ಯುವುದು ಸುಲಭ. ಆದರೆ ಎರಕದಲ್ಲಿ ಒಳಗಿನ ಹರಳುಗಳು ದಪ್ಪಗಿದ್ದು, ಸಣ್ಣ ರಂಧ್ರಗಳೂ ಉಳಿದರೆ ಬಲ ತಗ್ಗುತ್ತದೆ. ತಣ್ಣಗಿರುವಾಗ ಬಗ್ಗಿಸಿದರೆ ತಗಡು ಬಿರುಕು ಬಿಡುತ್ತದೆ. ಇದರ ಅಣುಗಳು ಆರುಮೂಲೆಯ ಪದರಗಳಲ್ಲಿ ಜೋಡಿಸಿಕೊಂಡಿದ್ದು, ಸಲೀಸಾಗಿ ಜಾರುವುದು ಒಂದೇ ಬಗೆಯ ಪದರದ ಮೇಲೆ. ಸುಮಾರು 250 ಡಿಗ್ರಿಗೆ ಕಾಯಿಸಿದರೆ ಬೇರೆ ದಿಕ್ಕುಗಳಲ್ಲೂ ಜಾರುವ ದಾರಿ ತೆರೆಯುತ್ತದೆ. ಆ ಬಿಸಿಯಲ್ಲಿ ರೋಲರುಗಳ ನಡುವೆ ಒತ್ತಿದರೆ ದಪ್ಪ ಹರಳುಗಳು ಹೋಗಿ ಸಣ್ಣವು ಹುಟ್ಟುತ್ತವೆ, ಬಲ ಹೆಚ್ಚುತ್ತದೆ. ಆದರೆ ಒತ್ತುತ್ತ ಹೋದಂತೆ ಪದರಗಳೆಲ್ಲ ಒಂದೇ ಮಗ್ಗುಲಿಗೆ ಮಲಗುತ್ತವೆ. ತಗಡು ಬಲಿಷ್ಠವಾದರೂ ಮತ್ತೆ ಬಗ್ಗಲು ಹಟ ಮಾಡುತ್ತದೆ. ಸೀರಿಯಂ, ಇಟ್ರಿಯಂನಂಥ ಲೋಹಗಳನ್ನು ಚಿಟಿಕೆಯಷ್ಟು ಬೆರೆಸಿ ಈ ಹಟ ಸಡಿಲಿಸುವ ಕೆಲಸ ಪ್ರಯೋಗಶಾಲೆಗಳಲ್ಲಿ ನಡೆದಿದೆ.