ಮಣ್ಣು, ಕಾಗದ, ಕಡ್ಡಿ: ಎಳೆಯರ ಕೈಕೆಲಸ ನಡೆದು ಬಂದ ದಾರಿ

ಎಲ್‌ಕೆಜಿ ಮಗುವಿಗೆ ಶಾಲೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಆಕ್ಟಿವಿಟಿ’ ಬರುತ್ತದೆ: ನಾಳೆ ಥರ್ಮೋಕೋಲಿನ ಇಗ್ಲೂ ತರಬೇಕು. ಅಪ್ಪ ಸ್ಟೇಷನರಿ ಅಂಗಡಿಗೆ ಓಡುತ್ತಾನೆ. ಅಲ್ಲಿ ಇಗ್ಲೂ ಸಿದ್ಧವಾಗಿಯೇ ಸಿಗುತ್ತದೆ. ಮರುದಿನ ಮಗು ಅದನ್ನು ಮುರಿಯದೆ ಶಾಲೆಗೆ ಮುಟ್ಟಿಸಿದರೆ ಕೈಕೆಲಸ ಮುಗಿಯಿತು. ಇದಕ್ಕೆ ಚಟುವಟಿಕೆ ಆಧಾರಿತ ಕಲಿಕೆ ಎಂದು ಹೆಸರು. ಇದರ ಜೊತೆಗೆ ಈಚೆಗೆ ತರಬೇತಿಗಳಲ್ಲಿ ಎರಡು ಮಾತು ಪದೇ ಪದೇ ಕಿವಿಗೆ ಬೀಳುತ್ತಿವೆ. ಮನೆಯಲ್ಲಿ ಮಕ್ಕಳಿಂದ ಏನಾದರೂ ಮಾಡಿಸುವುದನ್ನು ನಮಗೆ ಲಾಕ್‌ಡೌನಿನಲ್ಲಿ ಯೂಟ್ಯೂಬ್ ಕಲಿಸಿತು ಎನ್ನುವವರು ಒಂದು ಕಡೆ. ಎಲ್ಲವೂ ನಮ್ಮ ಹಿರಿಯರಲ್ಲಿ ಮೊದಲೇ ಇತ್ತು, ಹೊರಗಿನಿಂದ ಕಲಿಯುವುದು ಏನೂ ಇರಲಿಲ್ಲ ಎನ್ನುವವರು ಇನ್ನೊಂದು ಕಡೆ. ಬಾಲವಾಡಿ, ಅಂಗನವಾಡಿ, ನಲಿಕಲಿ ಎಂದು ಇದೇ ಕೆಲಸದಲ್ಲಿ ತಲೆ ನರೆಸಿಕೊಂಡ ನನಗೆ ಎರಡೂ ಒಪ್ಪಿಗೆಯಿಲ್ಲ. ಆದ್ದರಿಂದ ಈ ಬರಹ.

ಶಾಲೆ ಬರುವ ಮೊದಲೇ ಮಕ್ಕಳ ಕೈಗೆ ಕೆಲಸವಿತ್ತು, ನಿಜ. ಉತ್ತರ ಕರ್ನಾಟಕದಲ್ಲಿ ಕಾರಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಎರೆಮಣ್ಣು ಕಲಸಿ ಜೋಡಿ ಎತ್ತು ಮಾಡುತ್ತಿದ್ದರು. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಾಡಿ ಗುಲಗಂಜಿ ಒತ್ತಿ ಸಿಂಗರಿಸುತ್ತಿದ್ದರು. ಜೋಳದ ದಂಟಿನ ಬೆಂಡಿನಿಂದ ಬಂಡಿಯಾಗುತ್ತಿತ್ತು, ಕನ್ನಡಕವಾಗುತ್ತಿತ್ತು. ಕರಾವಳಿಯಲ್ಲಿ ತೆಂಗಿನ ಗರಿಯ ಗಿರಗಿಟ್ಲೆ, ಪೀಪಿ. ಮಲೆನಾಡಿನಲ್ಲಿ ಅಡಿಕೆ ಹಾಳೆಯ ಮೇಲೆ ತಮ್ಮನನ್ನು ಕೂರಿಸಿ ಎಳೆಯುವ ಸವಾರಿ. ಮೈಸೂರು ಸೀಮೆಯಲ್ಲಿ ನವರಾತ್ರಿಯ ಗೊಂಬೆಗಳ ಮುಂದೆ ‘ಪಾರ್ಕು’ ಮಾಡಲು ತಟ್ಟೆಯಲ್ಲಿ ರಾಗಿ ಮೊಳಕೆ ಬರಿಸುವುದು ಮನೆಯ ಚಿಕ್ಕವರ ಪಾಲಿನ ಕೆಲಸ. ಅಳಗುಳಿಮಣೆಯ ಹದಿನಾಲ್ಕು ಗುಳಿಗಳಲ್ಲಿ ಹುಣಸೆಬೀಜ ಹಾಕುತ್ತಾ ಹಾಕುತ್ತಾ ಎಣಿಕೆ ತಾನಾಗಿ ಬರುತ್ತಿತ್ತು.

ಇದನ್ನೆಲ್ಲ ನೆನೆದು ಕರಗುವವರಿಗೆ ಎರಡು ವಿಷಯ ಹೇಳಬೇಕು. ಗುಲಗಂಜಿ ವಿಷದ ಬೀಜ. ಅಗಿದರೆ ಜೀವಕ್ಕೇ ಅಪಾಯ. ಎರಡನೆಯದಾಗಿ, ಇವನ್ನು ಯಾರೂ ಕಲಿಸಲೆಂದು ಮಾಡಿಸಿದ್ದಲ್ಲ. ದೊಡ್ಡ ಮಕ್ಕಳು ಮಾಡುತ್ತಿದ್ದರು, ಚಿಕ್ಕವರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿ ಕಲಿಯುತ್ತಿದ್ದರು. ಬೀದಿ ತುಂಬ ಮಕ್ಕಳಿದ್ದಾಗ ನಡೆದ ಕಲಿಕೆ ಅದು. ಕುಂಬಾರರ ಮಗುವಿಗೆ ಮಣ್ಣು, ಮೇದರ ಮಗುವಿಗೆ ಬಿದಿರು ಬಹಳ ದಿನ ಆಟವಾಗಿ ಉಳಿಯುತ್ತಿರಲಿಲ್ಲ, ದುಡಿಮೆಯಾಗಿಬಿಡುತ್ತಿತ್ತು. ಪರಂಪರೆಯ ಗುಣಗಾನ ಮಾಡುವವರು ಈ ಸಾಲನ್ನು ಬಿಟ್ಟೇ ಬರೆಯುತ್ತಾರೆ.

ಕೈಕೆಲಸವನ್ನು ಎಳೆಯ ಮಗುವಿನ ಓದಿಗೆ ಜೋಡಿಸಿದ ಆಧುನಿಕ ಪ್ರಯತ್ನಗಳು ಯೂರೋಪಿನಲ್ಲಿ ಶುರುವಾದವು. ಜರ್ಮನಿಯ ಫ್ರೋಬೆಲ್ 1837ರಲ್ಲಿ ಬಾಡ್ ಬ್ಲಾಂಕನ್‌ಬರ್ಗ್‌ನಲ್ಲಿ ತೆರೆದ ಶಾಲೆಯಲ್ಲಿ ಮರದ ಘನ, ಗೋಲಗಳ ಜೊತೆಗೆ ಕಾಗದ ಮಡಿಸುವುದು, ಹೆಣೆಯುವುದು, ಜೇಡಿಮಣ್ಣು ತಟ್ಟುವುದು ಇದ್ದವು. ಪ್ರಷ್ಯಾ ಸರ್ಕಾರ 1851ರಲ್ಲಿ ಇಂಥ ಶಾಲೆಗಳನ್ನೇ ನಿಷೇಧಿಸಿತು; ಮಕ್ಕಳ ಆಟಕ್ಕೆ ಸರ್ಕಾರಗಳು ಹೆದರಿದ್ದೂ ಉಂಟು. ಆದರೆ ಫ್ರೋಬೆಲ್ಲನ ಶಿಷ್ಯರ ಕೈಯಲ್ಲಿ ಅವನ ಕಾಗದ ಮಡಿಕೆ ಕವಾಯತಾಯಿತು, ಎಲ್ಲರೂ ಒಟ್ಟಿಗೆ ಮೊದಲ ಮಡಿಕೆ, ಒಟ್ಟಿಗೆ ಎರಡನೆಯದು. 1907ರಲ್ಲಿ ರೋಮಿನಲ್ಲಿ ಮಕ್ಕಳ ಮನೆ ತೆರೆದ ಮಾರಿಯಾ ಮಾಂಟೆಸ್ಸರಿ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದರು. ಯುದ್ಧದ ವರ್ಷಗಳನ್ನು ಇಲ್ಲೇ, ಕೆಲಕಾಲ ಕೊಡೈಕೆನಾಲಿನಲ್ಲಿ, ಕಳೆದರು. ನೀರು ಸುರಿಯುವುದು, ಗುಂಡಿ ಹಾಕುವುದು, ಕಾಳು ಬೇರ್ಪಡಿಸುವುದು ಓದು-ಬರಹದ ತಯಾರಿಯೇ ಎಂದು ಆಕೆ ತೋರಿಸಿಕೊಟ್ಟದ್ದು ದೊಡ್ಡ ಕೆಲಸ. ಇಂದು ಬೆಂಗಳೂರಿನ ಬಡಾವಣೆಗಳಲ್ಲಿ ಆಕೆಯ ಹೆಸರಿನ ಬೋರ್ಡು ಎಷ್ಟು, ಆ ತತ್ವ ಎಷ್ಟು ಎಂದು ನಾನು ಹೇಳಬೇಕಿಲ್ಲ.

ಮಾಂಟೆಸ್ಸರಿಯ ದುಬಾರಿ ಸಾಮಗ್ರಿಯನ್ನು ನಮ್ಮ ಬಡತನಕ್ಕೆ ಹೊಂದಿಸಿದವರು ಗುಜರಾತ್, ಮಹಾರಾಷ್ಟ್ರದವರು. ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ತೆರೆದ ಗಿಜುಭಾಯಿ ಬಧೇಕಾ; ಅವರ ಜೊತೆ ದುಡಿದ ತಾರಾಬಾಯಿ ಮೋಡಕ್. ತಾರಾಬಾಯಿ 1945ರಲ್ಲಿ ಆಗಿನ ಠಾಣೆ ಜಿಲ್ಲೆಯ ಬೋರ್ಡಿಗೆ, 1957ರಲ್ಲಿ ಕೋಸಬಾಡಿಗೆ ಹೋಗಿ, ಅನುತಾಯಿ ವಾಘ್ ಜೊತೆ ಆದಿವಾಸಿ ಮಕ್ಕಳ ನಡುವೆ ಕೆಲಸ ಮಾಡಿದರು. ಮಗು ಶಾಲೆಗೆ ಬರದಿದ್ದರೆ ಶಾಲೆಯೇ ಮನೆಯ ಅಂಗಳಕ್ಕೆ ಹೋಗಲಿ ಎಂದವರು ಅವರು. ಕಪ್ಪೆಚಿಪ್ಪು, ಬೀಜ, ಎಲೆ, ಕಲ್ಲು, ಇವೇ ಅವರ ಸಾಮಗ್ರಿ. ಇಡೀ ದೇಶದ ಅಂಗನವಾಡಿಗೆ ಬೇರು ಅಲ್ಲಿದೆ. ಮನೆಯಂಗಳದ ಕಲಿಕೆ ಮೊಬೈಲಿನಿಂದ ಬಂತು ಎನ್ನುವವರು ಒಮ್ಮೆ ಇವರಿಬ್ಬರ ಕೆಲಸ ಓದಬೇಕು.

ಕನ್ನಡದಲ್ಲಿ? ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಕೂಡಿಸಿ ಆಡಿಸಿದರು, ಕುಣಿಸಿದರು, ಸುತ್ತಾಡಿಸಿದರು. 1936ರಲ್ಲಿ ‘ಬಾಲಪ್ರಪಂಚ’ ಎಂಬ ಮಕ್ಕಳ ವಿಶ್ವಕೋಶ ತಂದರು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮ 1938ರಲ್ಲಿ ಮಕ್ಕಳ ಕೂಟ ಕಟ್ಟಿದರು. ಮಹಿಳಾ ಸಮಾಜಗಳು ಊರೂರಲ್ಲಿ ಶಿಶುವಿಹಾರ ನಡೆಸಿದವು. ಅಲ್ಲಿ ದುಡಿದ ಹೆಂಗಸರ ಹೆಸರು ನಮ್ಮ ಶಿಕ್ಷಣದ ಇತಿಹಾಸಗಳಲ್ಲಿ ಬರುವುದು ಬಲು ಅಪರೂಪ. ಮಕ್ಕಳ ಪದ್ಯಕ್ಕೆ ಕನ್ನಡ ಕೊಟ್ಟ ಗೌರವದಲ್ಲಿ ಕಾಲುಭಾಗವನ್ನೂ ಮಕ್ಕಳ ಕೈಗೆ ಕೊಡಲಿಲ್ಲ ಎಂಬುದು ನನ್ನ ಹಳೆಯ ತಕರಾರು.

ಕೈಕೆಲಸದ ಮೂಲಕವೇ ಕಲಿಸಬೇಕೆಂಬ ಗಾಂಧೀಜಿಯ ನಯೀ ತಾಲೀಮ್ 1937ರ ವಾರ್ಧಾ ಸಮ್ಮೇಳನದಿಂದ ಹೊರಟು ಶಾಲೆಗೆ ಬರುವಷ್ಟರಲ್ಲಿ ತಕಲಿಯ ಮೇಲೆ ಎಷ್ಟು ನೂಲು ಎಂಬ ಲೆಕ್ಕಕ್ಕೆ ಇಳಿಯಿತು. ಮುಂದೆ ಅದು ಕಾರ್ಯಾನುಭವವಾಯಿತು, ಎಸ್‌ಯುಪಿಡಬ್ಲ್ಯು (ಸಮಾಜೋಪಯೋಗಿ ಉತ್ಪಾದಕ ಕೆಲಸ) ಆಯಿತು: ಹುಡುಗಿಯರಿಗೆ ಕರವಸ್ತ್ರದ ಮೇಲೆ ಹೂವು, ಹುಡುಗರಿಗೆ ಶಾಲೆಯ ಕೈತೋಟ. ಅಂಕಕ್ಕಾಗಿ ಕರವಸ್ತ್ರ ಹೊಲಿದವರು ಅಮ್ಮಂದಿರು. ಇಗ್ಲೂ ಅಂಗಡಿಗೆ ಹಾದಿ ಅಲ್ಲೇ ತೆರೆಯಿತು ಎನ್ನಬೇಕು.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ತಿರುಮಕೂಡಲು ನರಸೀಪುರದಲ್ಲಿ. ಮೂರರಿಂದ ಆರು ವರ್ಷದ ಹಳ್ಳಿ ಮಗುವಿಗೆ ಹಾಡು, ಕಥೆ, ಕೈಕೆಲಸ ಸರ್ಕಾರದ ಹೊಣೆಯಾದದ್ದು ಆಗ. ಆದರೆ ಯೋಜನೆಯ ಕಣ್ಣು ಹೆಚ್ಚಾಗಿ ತೂಕದ ತಕ್ಕಡಿಯ ಮೇಲೆ, ಆಹಾರದ ಮೇಲೆ. ಮಗುವಿನ ಕೈಗೆ ಏನು ಕೊಡಬೇಕು ಎಂಬುದನ್ನು ಬಹುಕಾಲ ಅಂಗನವಾಡಿ ಕಾರ್ಯಕರ್ತೆಯ ಜಾಣ್ಮೆಗೇ ಬಿಟ್ಟಿದ್ದರು.

ಈ ಜಾಣ್ಮೆಗೆ ಜೊತೆ ಸಿಕ್ಕಿದ್ದು ನಮ್ಮ ಕಾಲದಲ್ಲಿ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಕ್ಷಮೆ ಇರಲಿ. ಹೋಶಂಗಾಬಾದಿನಲ್ಲಿ 1972ರಲ್ಲಿ ಶುರುವಾದ ವಿಜ್ಞಾನ ಬೋಧನೆಯ ಕಾರ್ಯಕ್ರಮ ಪ್ರಯೋಗಾಲಯವಿಲ್ಲದ ಹಳ್ಳಿ ಶಾಲೆಯಲ್ಲೂ ಮಕ್ಕಳು ಮಾಡಿ ಕಲಿಯಬಹುದು ಎಂದು ತೋರಿಸಿತು. ಕಾನ್ಪುರದ ಐಐಟಿಯಲ್ಲಿ ಓದಿ ಕಾರ್ಖಾನೆ ಸೇರಿದ್ದ ಅರವಿಂದ ಗುಪ್ತ ಅಲ್ಲಿಗೆ ಹೋಗಿ, ವಾರದ ಸಂತೆಯಲ್ಲಿ ಸಿಗುವ ಸೈಕಲ್ಲಿನ ವಾಲ್‌ಟ್ಯೂಬನ್ನೂ ಬೆಂಕಿಕಡ್ಡಿಯನ್ನೂ ಜೋಡಿಸಿದರು. 1986ರಲ್ಲಿ ಅವರ ಬೆಂಕಿಕಡ್ಡಿ ಮಾದರಿಗಳ ಪುಸ್ತಕ ಬಂತು. ಮದ್ದು ಕೆರೆದು ತೆಗೆದ ಮೂರು ಕಡ್ಡಿಗಳನ್ನು ಟ್ಯೂಬಿನ ತುಂಡುಗಳಿಂದ ಸೇರಿಸಿದರೆ ತ್ರಿಕೋನ; ಹಿಚುಕಿದರೂ ಆಕಾರ ಬಿಡುವುದಿಲ್ಲ. ನಾಲ್ಕು ಕಡ್ಡಿಯ ಚೌಕ ಕೈಯಲ್ಲಿ ವಾಲಿಬಿಡುತ್ತದೆ. ಮೂಲೆಯಿಂದ ಎದುರು ಮೂಲೆಗೆ ತುಸು ಉದ್ದದ ಕಡ್ಡಿಯೊಂದನ್ನು ಕೊಟ್ಟರೆ ಗಟ್ಟಿ ನಿಲ್ಲುತ್ತದೆ. ಮನೆಯ ಮಾಡಿಗೆ, ಸೇತುವೆಗೆ ತ್ರಿಕೋನ ಏಕೆ ಬೇಕು ಎಂಬುದು ಮೂರನೆಯ ತರಗತಿಯ ಮಗುವಿಗೆ ಬೆರಳಲ್ಲಿ ತಿಳಿಯಿತು. ಆ ಪಾಠಕ್ಕೆ ಖರ್ಚು ನಾಲ್ಕಾಣೆ. ಅದೇ ದಶಕದಲ್ಲಿ ಅಹಮದಾಬಾದಿನ ಸುದರ್ಶನ್ ಖನ್ನಾ ಜಾತ್ರೆಯ ಗಿರಗಿಟ್ಲೆ, ಟಿಕ್‌ಟಿಕ್ ಆಟಿಕೆಗಳನ್ನು ವಿನ್ಯಾಸಕಾರನ ಕಣ್ಣಿಂದ ನೋಡಿ, ಮಾಡುವ ವಿಧಾನ ಸಮೇತ ದಾಖಲಿಸಿದರು. ಪರಂಪರೆಯ ಬಗ್ಗೆ ಮಾತಾಡುವುದಾದರೆ ಹೀಗೆ ಅಳತೆ ಹಿಡಿದು ಮಾತಾಡಬೇಕು.

ಕನ್ನಡದಲ್ಲಿ 1978ರಲ್ಲಿ ‘ಬಾಲ ವಿಜ್ಞಾನ’ ಮಾಸಪತ್ರಿಕೆ ಬಂತು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಅದನ್ನು ನಡೆಸಿತು. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದ ಬೆನ್ನಿಗೆ ಭಾರತ ಜ್ಞಾನ ವಿಜ್ಞಾನ ಸಮಿತಿಯ ಗೆಳೆಯರು ಮಕ್ಕಳ ಹಬ್ಬಗಳನ್ನು ಶುರುಮಾಡಿದರು. ಹಳೆ ಪತ್ರಿಕೆಯ ಟೋಪಿ, ರದ್ದಿಯ ಮುಖವಾಡ, ಹುಣಸೆಬೀಜ, ಬಾಟಲಿ ಮುಚ್ಚಳ. ಮೈಸೂರಿನ ರಂಗಾಯಣದ ಚಿಣ್ಣರ ಮೇಳ ರಂಗಭೂಮಿಯ ಕಡೆಯಿಂದ ಇದೇ ಉತ್ಸಾಹ ತಂದಿತು.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ನಲಿಕಲಿ ಶುರುವಾಯಿತು. ಅಲ್ಲಿನ ಮೇಷ್ಟ್ರುಗಳು ಆಂಧ್ರದ ಋಷಿವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು ಕಾರ್ಡುಗಳನ್ನು ತಾವೇ ಬರೆದರು. ಕಲಿಕಾ ಏಣಿ, ಗೋಡೆಯ ಮೇಲೆ ತಟ್ಟೆಗಳು, ತಲೆಯ ಮೇಲೆ ಚಪ್ಪರ. ಚಪ್ಪರದ ದಾರಕ್ಕೆ ಮಕ್ಕಳು ಮಾಡಿದ್ದು ತೂಗುತ್ತಿತ್ತು, ಸೊಟ್ಟಗಿದ್ದರೆ ಸೊಟ್ಟಗೇ. ಒಬ್ಬರ ಆನೆಗೆ ಕಾಲು ಮೂರು, ಇನ್ನೊಬ್ಬರದಕ್ಕೆ ಐದು. 2009ರ ಹೊತ್ತಿಗೆ ಇದು ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳಿಗೆ ಬಂತು, ಒಳ್ಳೆಯದೇ. ಆದರೆ ಕಾರ್ಡು ಬೆಂಗಳೂರಿನಿಂದ ಅಚ್ಚಾಗಿ ಬರತೊಡಗಿದ ಮೇಲೆ ಮೇಷ್ಟ್ರ ಕೈ ಸುಮ್ಮನಾಯಿತು. ಮೇಷ್ಟ್ರ ಕೈ ಸುಮ್ಮನಿದ್ದ ಕೋಣೆಯಲ್ಲಿ ಮಕ್ಕಳ ಕೈ ಬಹಳ ಹೊತ್ತು ಆಡುವುದಿಲ್ಲ.

ಆ ವರ್ಷಗಳಲ್ಲಿ ನಾವು ಕಲಿತ ಮುಖ್ಯ ಸಂಗತಿ ಕ್ರಮ. ಎಳೆಯ ಕೈಗೆ ಮೊದಲು ಹಿಚುಕುವ ಕೆಲಸ ಬೇಕು: ಚಪಾತಿ ಹಿಟ್ಟು, ಒದ್ದೆ ಮಣ್ಣು. ಆಮೇಲೆ ಹರಿಯುವುದು, ಹಳೆ ಪತ್ರಿಕೆಯನ್ನು ಉದ್ದುದ್ದ ಹರಿಯಲು ಎರಡು ಕೈ ಎರಡು ದಿಕ್ಕಿಗೆ ಹೋಗಬೇಕು, ಅದು ಮೂರು ವರ್ಷದ ಮಗುವಿಗೆ ಸಣ್ಣ ಸಾಧನೆಯಲ್ಲ. ಆಮೇಲೆ ಪೋಣಿಸುವುದು, ಅಂಟಿಸುವುದು, ಬೆಂಡೆಕಾಯಿ ಕೊಯ್ದು ಬಣ್ಣದಲ್ಲಿ ಅದ್ದಿ ಅಚ್ಚು ಒತ್ತುವುದು. ಕತ್ತರಿ ಕೊನೆಗೆ, ಪೆನ್ಸಿಲ್ ಅದಕ್ಕೂ ಆಮೇಲೆ. ಬೆರಳು ಬಲಿಯದೆ ಅಕ್ಷರ ಬರೆಸಿದರೆ ಮಗು ಮುಷ್ಟಿಯಿಂದ ಬರೆಯುತ್ತದೆ, ಬೇಗ ದಣಿಯುತ್ತದೆ. ಅವರೆ, ಹುರುಳಿ ಬೆರೆಸಿ ಬೇರ್ಪಡಿಸಲು ಕೊಡುವಾಗ ಎದುರೇ ಕೂರಬೇಕು. ಮೂರು ವರ್ಷದೊಳಗಿನ ಮಗುವಿಗೆ ಕಾಳು ಕೊಡಲೇಬಾರದು, ಮೂಗಿಗೋ ಗಂಟಲಿಗೋ ಹೋಗುತ್ತದೆ. ಮೈದಾ ಅಂಟಿಗೆ ಹುಳ ಬೀಳದಿರಲಿ ಎಂದು ಮೈಲುತುತ್ತ ಹಾಕುವ ರೂಢಿ ಪುಸ್ತಕ ಕಟ್ಟುವವರದು. ಅದು ವಿಷ, ಮಕ್ಕಳ ಅಂಟಿಗೆ ಬೇಡ. ಆವತ್ತಿನ ಅಂಟು ಆವತ್ತೇ ಕಾಯಿಸಿದರಾಯಿತು.

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಮನೆಯಲ್ಲಿ ಕೂತ ತಂದೆತಾಯಿ ಮೊಬೈಲಿನಲ್ಲಿ ಕ್ರಾಫ್ಟ್ ಹುಡುಕಿದರು. ತಪ್ಪೇನಿಲ್ಲ. ಆದರೆ ಪರದೆಯ ಮೇಲೆ ಕಾಣುವುದು ದೊಡ್ಡವರ ಕೈ, ಬಿಸಿ ಅಂಟಿನ ಗನ್ನು, ಮಿರುಗುವ ಕಾಗದ. ಕೊನೆಯಲ್ಲಿ ಚೆಂದ ಬರಲೇಬೇಕು. ಅದರ ಹಿಂದೆಯೇ ತಿಂಗಳಿಗೊಂದರಂತೆ ಮನೆಗೆ ಬರುವ ಕಿಟ್ಟುಗಳು ಬಂದವು; ಎಲ್ಲ ಮೊದಲೇ ಕತ್ತರಿಸಿಟ್ಟದ್ದು, ಮಗು ಅಂಟಿಸಿದರೆ ಸಾಕು. 2023ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ‘ಜಾದೂಯಿ ಪಿಟಾರಾ’ ಎಂಬ ಪೆಟ್ಟಿಗೆ ಹೊರತಂದಿತು. ಮೂರರಿಂದ ಎಂಟು ವರ್ಷದವರಿಗೆ ಆಟಿಕೆ, ಒಗಟು, ಗೊಂಬೆ. ಸಾಮಗ್ರಿ ಚೆನ್ನಾಗಿದೆ. ಅದನ್ನು ಬೀಗ ಹಾಕಿದ ಬೀರುವಿನಿಂದ ಹೊರಗೆ ತೆಗೆಯುವ ಧೈರ್ಯ ಎಷ್ಟು ಶಾಲೆಗಳಿಗೆ ಇರುತ್ತದೋ ನೋಡಬೇಕು. ಲೆಕ್ಕ ಕೊಡಬೇಕಾದ ಸಾಮಾನನ್ನು ಮಕ್ಕಳ ಕೈಗೆ ಕೊಡಲು ನಮ್ಮ ಮೇಷ್ಟ್ರುಗಳು ಹೆದರುತ್ತಾರೆ. ಇದಕ್ಕಿಂತ ನನಗೆ ಹತ್ತಿರವಾದದ್ದು ಅದೇ ವರ್ಷ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳು ನಡೆಸಿದ ಕಲಿಕಾ ಹಬ್ಬ. ಕಾಗದ-ಕತ್ತರಿ-ಬಣ್ಣ, ಮಾಡು-ಆಡು, ಆಡು-ಹಾಡು, ಊರು ತಿಳಿಯೋಣ ಎಂಬ ಮೂಲೆಗಳು. ಹಳೆಯ ಮಕ್ಕಳ ಹಬ್ಬದವರ ಗುರುತು ಅದರ ತುಂಬ ಇತ್ತು. ಆದರೆ ಅದು ದೊಡ್ಡ ತರಗತಿಯವರ ಹಬ್ಬ. ಎಳೆಯರು ಹೊರಗುಳಿದರು.

ಉಳಿದಿರುವ ಖಾಲಿಗಳನ್ನು ಹೇಳುತ್ತೇನೆ. ಮೂರು ವರ್ಷದೊಳಗಿನವರ ಕೈಗೆ ಮನೆಯಲ್ಲಿ ಏನು ಕೊಡಬಹುದು ಎಂದು ಕನ್ನಡದಲ್ಲಿ ಕೂಲಿಗೆ ಹೋಗುವ ತಾಯಿ ಓದಬಲ್ಲ, ಅಥವಾ ಚಿತ್ರ ನೋಡಿಯೇ ತಿಳಿಯಬಲ್ಲ ಪುಸ್ತಕ ನನಗೆ ಸಿಕ್ಕಿಲ್ಲ. ಇರುವ ಪುಸ್ತಕಗಳು ಫೆವಿಕಾಲ್, ಚಾರ್ಟ್ ಪೇಪರ್ ಇರುವ ಮನೆಗೆ ಬರೆದವು. ದೃಷ್ಟಿಯಿಲ್ಲದ ಮಗುವಿಗೆ, ಒಂದು ಕೈ ಸ್ವಾಧೀನವಿಲ್ಲದ ಮಗುವಿಗೆ ಏನು ಎಂಬ ಪ್ರಶ್ನೆಯನ್ನು ಎತ್ತಿದವರೂ ಕಡಿಮೆ. ಗಂಡುಮಕ್ಕಳಿಗೆ ಪೋಣಿಸಲು ಕೊಡದ ಮನೆಗಳು ಇನ್ನೂ ಇವೆ.

ಎಲ್ಲಕ್ಕಿಂತ ದೊಡ್ಡ ಖಾಲಿ ಅಂಗನವಾಡಿಯಲ್ಲಿದೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ‘ಚಿಲಿಪಿಲಿ’ ಪಠ್ಯ ಇದೆ, ಬಾಲಮೇಳಗಳೂ ನಡೆಯುತ್ತವೆ. ಹರಿದ ಸೀರೆಯ ಗೊಂಬೆ, ತೆಂಗಿನ ಚಿಪ್ಪಿನ ತಕ್ಕಡಿ, ಬೆಂಕಿಪೊಟ್ಟಣದ ರೈಲು, ಸೋಗೆಯ ಹಕ್ಕಿ. ಕಲಬುರಗಿಯಲ್ಲಿ ಒಂದು ಬಗೆ, ಕುಂದಾಪುರದಲ್ಲಿ ಇನ್ನೊಂದು ಬಗೆ. ಅಧಿಕಾರಿಗಳು ಬಂದು ಫೋಟೊ ತೆಗೆಸಿಕೊಳ್ಳುತ್ತಾರೆ, ಸಂಜೆಗೆ ಎಲ್ಲ ಚೀಲಕ್ಕೆ ಹೋಗುತ್ತದೆ. ಅದನ್ನು ಮಾಡಿದಾಕೆ ಮರುದಿನ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಕ್ಕಳ ತೂಕ, ಎತ್ತರ ತುಂಬಿಸುತ್ತಿರುತ್ತಾಳೆ, ಇಲ್ಲವೇ ಯಾವುದಾದರೂ ಸಮೀಕ್ಷೆಗೆ ಹೊರಟಿರುತ್ತಾಳೆ. ಎಲ್‌ಕೆಜಿ ಶಾಲೆಯಲ್ಲಿರಬೇಕೋ ಅಂಗನವಾಡಿಯಲ್ಲೋ ಎಂದು 2024ರಲ್ಲಿ ಗಲಾಟೆಯೇ ನಡೆಯಿತು. ಅಂಗನವಾಡಿ ಕಾರ್ಯಕರ್ತೆಗೆ ಏನು ಬರುತ್ತದೆ ಎಂದು ಮಾತ್ರ ಆಗಲೂ ಯಾರೂ ಕೇಳಲಿಲ್ಲ. ಎಳೆಯರ ಕೈಕೆಲಸದ ಬಗ್ಗೆ ನಮ್ಮ ರಾಜ್ಯದಲ್ಲಿ ಅತಿ ಹೆಚ್ಚು ಬಲ್ಲವರು ಈ ಹೆಂಗಸರು. ನಾನು ಕಂಡಂತೆ ಅವರ ಹೆಸರಿನಲ್ಲಿ ಒಂದು ಪುಟವೂ ಅಚ್ಚಾಗಿಲ್ಲ.

ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವರಲ್ಲಿ, ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆಯವರಲ್ಲಿ, ಕನ್ನಡದ ಪ್ರಕಾಶಕರಲ್ಲಿ ಕೇಳಿಕೊಳ್ಳುವುದು ಇಷ್ಟು: ಮುಂದಿನ ಬಾಲಮೇಳಕ್ಕೆ ಫೋಟೊದವರ ಜೊತೆಗೆ ಒಬ್ಬ ಬರೆಯುವವರನ್ನೂ ಒಬ್ಬ ಚಿತ್ರಕಾರರನ್ನೂ ಕಳಿಸಿ. ಕಾರ್ಯಕರ್ತೆ ಮಾಡಿದ್ದನ್ನು ಆಕೆಯ ಮಾತಿನಲ್ಲೇ, ಆಕೆಯ ಹೆಸರು, ಊರು ಸಹಿತ ಬರೆದುಕೊಳ್ಳಿ. ತಾಲ್ಲೂಕಿಗೊಂದು ತೆಳು ಪುಸ್ತಕ ಸಾಕು.